ಚಾಮುಂಡಿ ಮೆಟ್ಟಿಲ ಮೇಲೆ ಒಂದು ಮಂಡಿಯ ಪರೀಕ್ಷೆ: ಪ್ರಕರಣ ಅಧ್ಯಯನ

ವಯಸ್ಸು 41, ತೂಕ 74 ಕಿಲೊ, ಮೈಸೂರಿನಲ್ಲಿ ದಿನವಿಡೀ ಕುರ್ಚಿಯ ಮೇಲಿನ ಕೆಲಸ. ಮೇ ತಿಂಗಳಲ್ಲಿ ಷಟಲ್ ಆಡುವಾಗ ಬಲಗಾಲು ನೆಲಕ್ಕೆ ಕಚ್ಚಿಕೊಂಡು ಮೈ ಮಾತ್ರ ತಿರುಗಿತು, ಮಂಡಿ ಒಳಕ್ಕೆ ಬಾಗಿತು. ಎಂಆರ್‌ಐಯಲ್ಲಿ ಕಂಡದ್ದು ಒಳಬದಿಯ ಲಿಗಮೆಂಟಿನ (ಮೂಳೆಗೆ ಮೂಳೆ ಕಟ್ಟಿಹಿಡಿಯುವ ಪಟ್ಟಿಯ) ಎರಡನೇ ದರ್ಜೆಯ ಪೆಟ್ಟು, ಅಂದರೆ ಎಳೆಗಳು ಅರ್ಧಂಬರ್ಧ ಹರಿದಿವೆ, ಪೂರ್ತಿ ತುಂಡಾಗಿಲ್ಲ. ಮಂಡಿಯ ನಡುವಿನ ಲಿಗಮೆಂಟ್ ಎಸಿಎಲ್, ಮೂಳೆಗಳ ನಡುವೆ ಮೆತ್ತೆಯಂತಿರುವ ಎರಡೂ ಮೆನಿಸ್ಕಸ್ ಚೆನ್ನಾಗಿದ್ದವು. ಆಪರೇಷನ್ ಬೇಕಾಗಲಿಲ್ಲ, ಇಂಥ ಪೆಟ್ಟಿಗೆ ಸಾಮಾನ್ಯವಾಗಿ ಬೇಕಾಗುವುದೂ ಇಲ್ಲ. ಆರು ವಾರ ಕೀಲಿರುವ ಬ್ರೇಸ್, ಆಮೇಲೆ ಫಿಸಿಯೊಥೆರಪಿ, ಸೈಕಲ್, ಮೆಟ್ಟಿಲ ವ್ಯಾಯಾಮ. ಡಿಸೆಂಬರಿನಲ್ಲಿ ಗೆಳೆಯರ ಜೊತೆ ಕುಮಾರ ಪರ್ವತಕ್ಕೆ ಹೋಗಬೇಕೆಂಬ ಆಸೆ. ಅದಕ್ಕೆ ಮೊದಲು, ಹದಿನಾಲ್ಕನೇ ವಾರದಲ್ಲಿ, ಚಾಮುಂಡಿ ಬೆಟ್ಟ ಹತ್ತಿ ಮಂಡಿಯನ್ನು ಪರೀಕ್ಷೆಗೆ ಒಡ್ಡುವುದೆಂದು ತೀರ್ಮಾನವಾಯಿತು. ಇಂಥ ಮಂಡಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಬ್ಬ ವ್ಯಕ್ತಿಯ ಮೇಲೆ ಕೂಡಿಸಿ ಬರೆದ ಪ್ರಕರಣವಿದು. ಅಳತೆಗಳೂ ಹಾಗೆ ಕೂಡಿಸಿದವೇ.

ಈ ಬೆಟ್ಟವೇ ಏಕೆ

ಊರಿಗೆ ಹತ್ತಿರ ಎನ್ನುವುದು ಕಾರಣವಲ್ಲ. ಚಾಮುಂಡಿ ಬೆಟ್ಟದಲ್ಲಿ ಹತ್ತುವುದನ್ನೂ ಇಳಿಯುವುದನ್ನೂ ಬೇರೆ ಬೇರೆಯಾಗಿ ಅಳೆದು ಕೊಡಬಹುದು. ದೊಡ್ಡ ದೇವರಾಜ ಒಡೆಯರ ಕಾಲದ, ಅಂದರೆ 17ನೇ ಶತಮಾನದ, ಸಾವಿರ ಮೆಟ್ಟಿಲುಗಳು ಪಾದದಿಂದ ದೇವಸ್ಥಾನದವರೆಗೆ ಹೋಗುತ್ತವೆ. ಸುಮಾರು 700ನೇ ಮೆಟ್ಟಿಲ ಹತ್ತಿರ ದೊಡ್ಡ ನಂದಿ. ಮೇಲೆ ಬಸ್ ನಿಲ್ದಾಣವಿದೆ. ಹಾಗಾಗಿ ನಡೆದು ಹತ್ತಿ ಬಸ್ಸಿನಲ್ಲಿ ಇಳಿಯಬಹುದು. ಬಸ್ಸಿನಲ್ಲಿ ಹತ್ತಿ ಬರೀ 300 ಮೆಟ್ಟಿಲು ಇಳಿದು ನಂದಿಯ ಹತ್ತಿರ ನಿಲ್ಲಿಸಬಹುದು. ಬೇಕೆಂದರೆ ಅಲ್ಲಿಂದ ವಾಪಸು ಮೇಲೇರಿ ಬಸ್ ಹಿಡಿಯಬಹುದು. ಮಂಡಿ ಪರೀಕ್ಷೆಗೆ ಇಷ್ಟು ಅನುಕೂಲದ ಬೆಟ್ಟ ಅಪರೂಪ.

ಬೆಂಗಳೂರು ಕಡೆಯವರು ಇದೇ ಉದ್ದೇಶಕ್ಕೆ ಸಾವನದುರ್ಗವನ್ನೋ ಮಧುಗಿರಿಯನ್ನೋ ಆರಿಸಿಕೊಳ್ಳುವುದುಂಟು. ಎರಡೂ ಬೋಳು ಬಂಡೆಯ ಬೆಟ್ಟಗಳು. ಇಳಿಜಾರು ಬಂಡೆಯ ಮೇಲೆ ಮಂಡಿ ಬಗ್ಗಿಸಿಕೊಂಡೇ ಇಳಿಯಬೇಕು, ಅರ್ಧದಲ್ಲಿ ನೋವು ಬಂದರೆ ಬೇರೆ ದಾರಿಯಿಲ್ಲ. ಅದು ಪರೀಕ್ಷೆಯಲ್ಲ, ಪಂದ್ಯ ಕಟ್ಟಿದ ಹಾಗೆ.

ನಂದಿಯ ಬಳಿ ವಾಹನ ಕಾಯುವಂತೆ ಏರ್ಪಾಡು ಮಾಡುವವರು ಆ ರಸ್ತೆ ತೆರೆದಿದೆಯೇ ಎಂದು ಮೊದಲೇ ವಿಚಾರಿಸಬೇಕು. 2021ರ ಮಳೆಗಾಲದಲ್ಲಿ ಆ ಕಡೆಯ ರಸ್ತೆ ಕುಸಿದು ಸಂಚಾರ ನಿಂತಿತ್ತು. ಆಷಾಢದ ಶುಕ್ರವಾರಗಳನ್ನೂ ದಸರಾ ದಿನಗಳನ್ನೂ ಬಿಡಬೇಕು. ಆ ಜನಸಂದಣಿಯಲ್ಲಿ ನಿಮ್ಮ ಗತಿಯಲ್ಲಿ ನೀವು ಇಳಿಯಲಾಗುವುದಿಲ್ಲ. ಜೊತೆಗೆ ಹರಕೆ ಹೊತ್ತವರು ಮೆಟ್ಟಿಲು ಮೆಟ್ಟಿಲಿಗೂ ಹಚ್ಚಿದ ಅರಿಶಿನ ಕುಂಕುಮ ನೀರು ಬಿದ್ದರೆ ಜಾರುತ್ತದೆ. ಕೋತಿಗಳ ವಿಷಯವೂ ಅಷ್ಟೇ: ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿಯಬಾರದು. ಕೋತಿ ಹಾರಿ ಬಂದಾಗ ಬೆಚ್ಚಿ ಒಂದು ಹೆಜ್ಜೆ ಪಕ್ಕಕ್ಕೆ ತಿರುಗುವುದೇ ಈ ಲಿಗಮೆಂಟಿಗೆ ಅತ್ಯಂತ ಕೆಟ್ಟ ಚಲನೆ.

ಹೊರಡುವ ಮುನ್ನ ನೋಡಿದ್ದು

ಬೆಟ್ಟಕ್ಕೆ ಹೋಗಲು ಮಂಡಿ ತಯಾರಿದೆಯೇ ಎಂಬುದನ್ನು ಮನೆಯಲ್ಲೇ ನೋಡಬಹುದು. ಮೊದಲನೆಯದು ನೀರು. ಮಲಗಿ ಕಾಲು ನೀಟಾಗಿ ಚಾಚಿ, ಮಂಡಿಯ ಒಳಬದಿಯ ಗುಳಿಯಿಂದ ತೊಡೆಯ ಕಡೆಗೆ ಅಂಗೈಯಿಂದ ಎರಡು ಮೂರು ಸಲ ಸವರಬೇಕು. ಕೂಡಲೇ ಹೊರಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಒಮ್ಮೆ ಸವರಬೇಕು. ಒಳಬದಿಯ ಗುಳಿಯಲ್ಲಿ ಸಣ್ಣ ಅಲೆಯೊಂದು ಉಬ್ಬಿ ಬಂದರೆ ಒಳಗೆ ನೀರಿದೆ ಎಂದರ್ಥ. ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟೇಕೆ ಮಹತ್ವ ಎಂದರೆ, ಆರೋಗ್ಯವಂತರ ಮಂಡಿಗೆ 20ರಿಂದ 30 ಮಿಲಿಲೀಟರ್ ಉಪ್ಪುನೀರು ಚುಚ್ಚಿ ನೋಡಿದ ಪ್ರಯೋಗಗಳಲ್ಲಿ ಅಷ್ಟಕ್ಕೇ ತೊಡೆಯ ಮುಂಭಾಗದ ಒಳಸ್ನಾಯು ಮಂಕಾಗಿದೆ. ನೋವಿಲ್ಲದಿದ್ದರೂ ಹೀಗಾಗುತ್ತದೆ. ನೀರು ತುಂಬಿದ ಮಂಡಿಯನ್ನು ಬೆಟ್ಟಕ್ಕೆ ಒಯ್ದರೆ ಬ್ರೇಕು ಅರ್ಧ ಹಿಡಿಯುವ ಗಾಡಿಯನ್ನು ಘಾಟಿಗೆ ಇಳಿಸಿದಂತೆ.

ಎರಡನೆಯದು ಅಳತೆ. ದರ್ಜಿಯ ಟೇಪನ್ನು ಮಂಡಿಚಿಪ್ಪಿನ ನಟ್ಟನಡುವೆ ಸುತ್ತಿ, ಗುರುತಿಗೆ ಪೆನ್ನಿನ ಗೆರೆ ಎಳೆದು, ಎರಡೂ ಮಂಡಿಗಳನ್ನು ಮೂರು ಮೂರು ಸಲ ಅಳೆಯಬೇಕು. ಇವರ ಎಡಮಂಡಿ 37.5 ಸೆಂಟಿಮೀಟರ್, ಬಲಮಂಡಿ 37.8. ಒಂದು ಸೆಂಟಿಮೀಟರಿಗಿಂತ ಕಡಿಮೆ ವ್ಯತ್ಯಾಸಕ್ಕೆ ಅರ್ಥ ಹುಡುಕಬಾರದು, ಟೇಪು ಎಳೆಯುವ ಕೈಯಲ್ಲೇ ಅಷ್ಟು ತಪ್ಪು ಬರುತ್ತದೆ.

ಉಳಿದವು ಹೀಗಿದ್ದವು. ಮಂಡಿ ಪೂರ್ತಿ ನೇರವಾಗುತ್ತಿತ್ತು, ಕುಕ್ಕರಗಾಲಲ್ಲಿ ಕೂರಲು ಬರುತ್ತಿತ್ತು. ಫಿಸಿಯೊ ಮಂಡಿಯನ್ನು 30 ಡಿಗ್ರಿ ಬಗ್ಗಿಸಿ ಒಳಕ್ಕೆ ಒತ್ತಿದಾಗ ಸಡಿಲವೂ ಇಲ್ಲ, ನೋವೂ ಇಲ್ಲ. ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವುದು ಬಲಕ್ಕೆ 22, ಎಡಕ್ಕೆ 25. ಐದು ಕಿಲೊಮೀಟರ್ ಸಮತಟ್ಟು ನಡಿಗೆಯ ಮರುದಿನ ಮಂಡಿಯಲ್ಲಿ ಬಿಗಿತ ಇರಲಿಲ್ಲ. 20 ಸೆಂಟಿಮೀಟರ್ ಎತ್ತರದ ಮೆಟ್ಟಿಲಿಂದ ಒಂಟಿಕಾಲ ಬಲದಲ್ಲಿ ನಿಧಾನವಾಗಿ ಇಳಿಯುವುದನ್ನು ಹತ್ತು ಸಲ ಮಾಡಿಸಿದರು, ಮಂಡಿ ಒಳಕ್ಕೆ ವಾಲಲಿಲ್ಲ.

ಈ ಕೊನೆಯ ಸಾಲಿನಲ್ಲೇ ಪ್ರಕರಣದ ಗಂಟು ಇದೆ. ಹತ್ತು ಸಲ ಇಳಿಯಬಲ್ಲ ಕಾಲು 500 ಸಲ ಇಳಿಯಬಲ್ಲದೇ ಎಂದು ಯಾರೂ ಕೇಳಿರಲಿಲ್ಲ.

ಪರೀಕ್ಷೆಯ ಕಟ್ಟುಪಾಡು

ಬರೆದುಕೊಟ್ಟ ಯೋಜನೆ ಸರಳವಾಗಿತ್ತು. ಬೆಳಿಗ್ಗೆ ಆರಕ್ಕೆ ಪಾದದಿಂದ ಹೊರಡುವುದು. ಹತ್ತುವಾಗ ಮಾತಾಡಲು ಆಗುವಷ್ಟೇ ವೇಗ. ಮೂರು ತಿಂಗಳು ಕೂತ ಮೈಗೆ ಮಂಡಿಗಿಂತ ಮೊದಲು ಉಸಿರು ಸೋಲುತ್ತದೆ. ಬಿಪಿ, ಸಕ್ಕರೆ, ಎದೆಯ ತೊಂದರೆ ಇರುವವರು ಇದಕ್ಕೆ ಮೊದಲು ವೈದ್ಯರನ್ನು ಕಾಣಬೇಕು, ಅದು ಮಂಡಿಯಿಂದ ಬೇರೆಯದೇ ಪ್ರಶ್ನೆ. ಮೇಲೆ ಹದಿನೈದು ನಿಮಿಷ ವಿಶ್ರಾಂತಿ, ಆಮೇಲೆ ನಂದಿಯವರೆಗೆ ಮಾತ್ರ ಇಳಿಯುವುದು. ಅಲ್ಲಿಗೆ ಮನೆಯವರು ಕಾರು ತರುತ್ತಾರೆ.

ನೋವನ್ನು ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ ಪ್ರತಿ 100 ಮೆಟ್ಟಿಲಿಗೆ ಒಮ್ಮೆ ಹೇಳಬೇಕು. ಎರಡರವರೆಗೆ ಚಿಂತೆಯಿಲ್ಲ. ಮೂರರಿಂದ ಐದು ಬಂದರೆ ನಿಂತು, ಎರಡು ನಿಮಿಷದಲ್ಲಿ ನೋವು ಕಡಿಮೆಯಾದರೆ ಮಾತ್ರ ಮುಂದುವರಿಯಬಹುದು. ಐದು ದಾಟಿದರೆ, ಮಂಡಿ ಸಿಕ್ಕಿಕೊಂಡರೆ, ಕುಸಿದಂತಾದರೆ ಅಲ್ಲಿಗೇ ಮುಗಿಯಿತು. ಇಳಿಯುವಾಗ ತೊಂದರೆಯಾಗಿ ಮೇಲಿನ ಬಸ್ ನಿಲ್ದಾಣ ಹತ್ತಿರವಿದ್ದರೆ ಇಳಿಯುತ್ತ ಹೋಗುವುದಕ್ಕಿಂತ ವಾಪಸು ಹತ್ತುವುದೇ ಮಂಡಿಗೆ ಹಗುರ. ಇದನ್ನು ಯಾರೂ ನಂಬುವುದಿಲ್ಲ, ಆದರೆ ಹತ್ತಿ ನೋಡಿದ ಕೂಡಲೇ ಗೊತ್ತಾಗುತ್ತದೆ.

ಹೊರಡುವ ಮುನ್ನ ನೋವಿನ ಮಾತ್ರೆ ನುಂಗಬಾರದು. ಡೈಕ್ಲೊಫೆನಾಕ್ ಜೆಲ್, ಸ್ಪ್ರೇ ಸಹ ಬೇಡ. ನೋವನ್ನೇ ಅಳೆಯಲು ಹೋಗುವಾಗ ಅದನ್ನು ಮುಚ್ಚಿಟ್ಟರೆ ಹೋದದ್ದು ವ್ಯರ್ಥ. ಅಂಗಡಿಯ ನೀ ಕ್ಯಾಪ್ ಬೆಚ್ಚಗಿಡುತ್ತದೆ, ಮಂಡಿಯ ಕಡೆ ಗಮನ ಇರುವಂತೆ ಮಾಡುತ್ತದೆ, ಭಾರವನ್ನು ಮಾತ್ರ ಹೊರುವುದಿಲ್ಲ. ಹಾಕಿಕೊಂಡೇ ಹೋಗುವುದಾದರೆ ಮುಂದೆಯೂ ಹಾಕಿಕೊಂಡೇ ಹೋಗಬೇಕು. ಕ್ಯಾಪ್ ಹಾಕಿ ಪಾಸಾದ ಪರೀಕ್ಷೆ ಕ್ಯಾಪ್ ಇಲ್ಲದ ಮಂಡಿಗೆ ಅನ್ವಯಿಸುವುದಿಲ್ಲ. ಬೆನ್ನಿಗೆ ಒಂದು ಲೀಟರ್ ನೀರು, ಒಂದು ಕ್ರೇಪ್ ಬ್ಯಾಂಡೇಜು, ಬಸ್ಸಿಗೆ ದುಡ್ಡು. ಇಷ್ಟು ಸಾಕು.

ಜೊತೆಗೆ ಬರುವವರಿಗೂ ಒಂದು ಕೆಲಸವಿತ್ತು. ಇಳಿಯುವಾಗ ಹತ್ತು ಮೆಟ್ಟಿಲು ಕೆಳಗೆ ನಿಂತು ತಿರುಗಿ ನೋಡಬೇಕು. ಎಡಗಾಲು ಕೆಳಗಿನ ಮೆಟ್ಟಿಲಿಗೆ ಹೋಗುವಾಗ ಮೈಯನ್ನು ಇಳಿಸುವುದು ಮೇಲೆ ನಿಂತ ಬಲಗಾಲು. ಊರುಗೋಲು ಹಿಡಿದ ದಿನಗಳಲ್ಲಿ ಕಲಿಸಿದ ಪಾಠ "ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು" ಎಂಬುದು. ಆ ಅಭ್ಯಾಸ ಮೈಯಲ್ಲಿ ಉಳಿದಿರುತ್ತದೆ. ಪ್ರತಿ ಮೆಟ್ಟಿಲಿಗೂ ಬಲಗಾಲೇ ಮುಂದೆ ಬಂದರೆ ಕೆಲಸವೆಲ್ಲ ಎಡಗಾಲಿನದು, ಪರೀಕ್ಷೆಗೆ ಕೂತದ್ದು ತಪ್ಪು ಮಂಡಿ.

ಆದದ್ದು

ಹತ್ತುವುದು 38 ನಿಮಿಷ. ಪಾದದ ಕಡೆಯ ಕಡಿದಾದ ಮೆಟ್ಟಿಲುಗಳಲ್ಲಿ ಎರಡು ಸಲ ನಿಂತದ್ದು ಉಸಿರಿಗಾಗಿ. ಮಂಡಿಯ ನೋವು ಸೊನ್ನೆ, ದೇವಸ್ಥಾನದ ಹತ್ತಿರ ಒಂದು. ಇಳಿಯಲು ಶುರುಮಾಡಿ ನಂದಿಯವರೆಗೂ ನೋವು ಒಂದೇ. ಅಲ್ಲಿ ಯೋಜನೆ ಮುರಿಯಿತು. "ಹತ್ತಿದ್ದೇ ಆಯ್ತು, ಇಳಿಯೋದೇನು ಮಹಾ" ಎಂದು ಕಾರನ್ನು ಪಾದಕ್ಕೆ ಕಳಿಸಿ ಇಳಿಯುತ್ತಲೇ ಹೋದರು.

ನಂದಿಯಿಂದ ಕೆಳಗೆ ಇನ್ನೂರು ಮೆಟ್ಟಿಲು ಕಳೆಯುವಷ್ಟರಲ್ಲಿ ಜೊತೆಗಾರರ ಕಿವಿಗೆ ಮೊದಲು ಬಿದ್ದದ್ದು ಸದ್ದು: ಎಡಪಾದ ಕಲ್ಲಿನ ಮೇಲೆ ಧಪ್ ಧಪ್ ಎನ್ನುತ್ತಿತ್ತು. ಬಲತೊಡೆ ಮೈಯನ್ನು ನಿಧಾನಕ್ಕೆ ಇಳಿಸಲಾರದೆ ಕೊನೆಯ ಎರಡು ಮೂರು ಇಂಚಿನಲ್ಲಿ ಕೈಬಿಡುತ್ತಿದೆ ಎಂಬುದರ ಗುರುತು ಇದು. ನೋವಿಗಿಂತ ಮೊದಲು ಈ ಸದ್ದು ಬರುತ್ತದೆ, ಹೀಗಾಗಿ ಇದು ನೋವಿನ ಅಂಕಿಗಿಂತ ಬೆಲೆಬಾಳುವ ಸೂಚನೆ. ಇನ್ನೂರೈವತ್ತರ ಸುಮಾರಿಗೆ ನೋವು ನಾಲ್ಕಕ್ಕೆ ಏರಿತು. ಆಮೇಲೆ ಅವರು ಮೈಯನ್ನು ಓರೆಮಾಡಿ ಬಲಗಾಲನ್ನೇ ಮುಂದಿಟ್ಟು ಇಳಿದರು. ಕೊನೆಯ ನೂರು ಮೆಟ್ಟಿಲು ಪಕ್ಕದ ಕಟ್ಟೆ ಹಿಡಿದು. ಇಳಿಯಲು ಹಿಡಿದದ್ದು 47 ನಿಮಿಷ, ಹತ್ತಿದ್ದಕ್ಕಿಂತ ಹೆಚ್ಚು.

ಸಂಜೆ ಮಂಡಿ ಭಾರ. ಮರುದಿನ ಬೆಳಿಗ್ಗೆ ಅಳತೆ 39.0, ಸವರಿ ನೋಡಿದಾಗ ಅಲೆ ಸ್ಪಷ್ಟ. ನಾಡ ಕಕ್ಕಸಿನಲ್ಲಿ ಕುಕ್ಕರಗಾಲು ಹಾಕಲಾಗಲಿಲ್ಲ. ಮನೆಯವರ ತೀರ್ಪು ಕೂಡಲೇ ಬಂತು: ಲಿಗಮೆಂಟ್ ಮತ್ತೆ ಹರಿದಿದೆ.

ಅದು ಲಿಗಮೆಂಟ್ ಅಲ್ಲ

ನೋವು ಎಲ್ಲಿ ಎಂದು ಒಂದು ಬೆರಳಲ್ಲಿ ತೋರಿಸಿ ಎಂದಾಗ ಅವರು ಒಳಬದಿಯನ್ನು ತೋರಿಸಲಿಲ್ಲ. ಅಂಗೈಯನ್ನು ಇಡೀ ಮಂಡಿಚಿಪ್ಪಿನ ಮೇಲೆ ಇಟ್ಟರು. ಮೂರನೇ ದಿನ ಫಿಸಿಯೊ 30 ಡಿಗ್ರಿಯಲ್ಲಿ ಒತ್ತಿ ನೋಡಿದಾಗ ಒಳಬದಿ ಮೊದಲಿನಷ್ಟೇ ಗಟ್ಟಿ. ಹರಿದಿದ್ದ ಲಿಗಮೆಂಟ್ ಪರೀಕ್ಷೆಯಲ್ಲಿ ಪಾಸಾಗಿತ್ತು. ಸೋತದ್ದು ತೊಡೆಯ ಮುಂಭಾಗದ ಸ್ನಾಯು. ಅದು ಹೊರಲಾರದ ಭಾರ ಮಂಡಿಚಿಪ್ಪು ಮತ್ತು ತೊಡೆಮೂಳೆಯ ನಡುವಿನ ಕೀಲಿಗೆ ಹೋಗಿ ಅಲ್ಲಿ ಕೆರಳಿತು.

ಕೃತಕ ಮಂಡಿಯೊಳಗೆ ಸೆನ್ಸರ್ ಇಟ್ಟು ಅಳೆದ ಲೆಕ್ಕದ ಪ್ರಕಾರ ಸಮತಟ್ಟು ನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ಬೀಳುವುದು ಮೈತೂಕದ ಸುಮಾರು ಎರಡೂವರೆ ಪಟ್ಟು, ಮೆಟ್ಟಿಲು ಹತ್ತುವಾಗ ಮೂರು ಪಟ್ಟಿಗಿಂತ ತುಸು ಹೆಚ್ಚು, ಇಳಿಯುವಾಗ ಸುಮಾರು ಮೂರೂವರೆ ಪಟ್ಟು. 74 ಕಿಲೊ ತೂಕದವರಿಗೆ ಇಳಿಯುವ ಪ್ರತಿ ಹೆಜ್ಜೆಗೂ 250 ಕಿಲೊ ಮೀರಿದ ಒತ್ತಡ, ಸಾವಿರ ಮೆಟ್ಟಿಲಿಗೆ ಒಂದೊಂದು ಕಾಲಿಗೆ 500 ಸಲ. ಆದರೂ ಹತ್ತುವುದಕ್ಕೂ ಇಳಿಯುವುದಕ್ಕೂ ಇರುವ ದೊಡ್ಡ ವ್ಯತ್ಯಾಸ ಈ ಅಂಕಿಗಳಲ್ಲಿಲ್ಲ. ಹತ್ತುವಾಗ ಸ್ನಾಯು ಕುಗ್ಗುತ್ತ ಕೆಲಸ ಮಾಡುತ್ತದೆ, ಪೃಷ್ಠ ಮತ್ತು ಮೀನಖಂಡಗಳೂ ಕೈಜೋಡಿಸುತ್ತವೆ, ಸುಸ್ತಾದರೆ ಉಸಿರೇ ನಿಲ್ಲಿಸುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬಿಗಿಹಿಡಿಯಬೇಕು. ಈ ಬಗೆಯ ಕೆಲಸ ಸ್ನಾಯುವಿನ ಎಳೆಗಳನ್ನು ಹೆಚ್ಚು ಘಾಸಿಮಾಡುತ್ತದೆ. ಉಸಿರು ಆರಾಮಾಗಿರುವುದರಿಂದ ನಿಲ್ಲಿ ಎಂದು ಹೇಳುವವರೂ ಯಾರೂ ಇಲ್ಲ.

ಅಲ್ಲಿಯವರೆಗಿನ ವ್ಯಾಯಾಮದ ಪಟ್ಟಿ ತೆರೆದು ನೋಡಿದರೆ ಕಾರಣ ಎದ್ದು ಕಾಣುತ್ತದೆ: ಸೈಕಲ್, ಮೆಟ್ಟಿಲು ಹತ್ತುವುದು, ಕಾಲು ಎತ್ತುವುದು, ರಬ್ಬರ್ ಪಟ್ಟಿ ಎಳೆಯುವುದು. ಹೆಚ್ಚುಕಡಿಮೆ ಎಲ್ಲವೂ ಸ್ನಾಯು ಕುಗ್ಗುವ ಕೆಲಸ. ಮೆಟ್ಟಿಲು ವ್ಯಾಯಾಮದಲ್ಲೂ ಹತ್ತಿದ ಮೇಲೆ ಹಿಂದಕ್ಕೆ ಧೊಪ್ಪನೆ ಇಳಿದುಬಿಡುತ್ತಿದ್ದರು. ಇಳಿಯುವುದನ್ನು ಕಲಿಸಿರಲೇ ಇಲ್ಲ. ಮಂಡಿಯ ಆರೈಕೆಯಲ್ಲಿ ಇದಕ್ಕಿಂತ ಸಾಮಾನ್ಯವಾದ ಲೋಪ ಇನ್ನೊಂದಿಲ್ಲ ಎಂದರೂ ನಡೆದೀತು.

ತೊಡೆಯ ಸ್ನಾಯುವಿನ ನೋವನ್ನೂ ಮಂಡಿಯ ನೋವನ್ನೂ ಬೇರ್ಪಡಿಸಿ ನೋಡಬೇಕು. ಇಳಿದ ಮರುದಿನ, ಮೂರನೇ ದಿನ ತೊಡೆ ಮುಟ್ಟಿದರೆ ನೋಯುವುದು ಎರಡೂ ಕಾಲಲ್ಲಿದ್ದರೆ ಅದು ಅಭ್ಯಾಸವಿಲ್ಲದ ಕೆಲಸದ ಫಲ, ತಾನಾಗಿ ಹೋಗುತ್ತದೆ. ಕೀಲಿನ ಒಳಗೆ ನೀರು, ಬಿಗಿತ, ಬಗ್ಗಿಸಲಾಗದಿರುವುದು ಒಂದೇ ಕಡೆ ಇದ್ದರೆ ಭಾರ ಹೆಚ್ಚಾಯಿತು ಎಂದರ್ಥ. ಇವರಲ್ಲಿ ಎರಡೂ ಇತ್ತು. ಕೆಲವೇ ಗಂಟೆಗಳಲ್ಲಿ ಮಂಡಿ ಚೆಂಡಿನಂತೆ ಊದಿದರೆ, ಸಿಕ್ಕಿಕೊಂಡು ನೇರವಾಗದಿದ್ದರೆ ಅಥವಾ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಆಸ್ಪತ್ರೆಗೆ ಹೋಗಬೇಕು. ಇದರ ಜೊತೆ ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯಬಾರದು.

ತಿದ್ದುಪಡಿ

ಐದು ದಿನ ಮೆಟ್ಟಿಲು ಬಂದ್, ಸಮತಟ್ಟು ನಡಿಗೆ ಮಾತ್ರ. ಐದನೇ ದಿನ ಅಳತೆ 38.0ಕ್ಕೆ ಇಳಿದು ಅಲೆ ನಿಂತಿತು. ಆಮೇಲೆ ಮೂರು ವಾರ, ವಾರಕ್ಕೆ ಮೂರು ದಿನ, ಇಳಿಯುವ ಕೆಲಸ. ಮೆಟ್ಟಿಲ ಅಂಚಿನಲ್ಲಿ ಬಲಗಾಲಲ್ಲಿ ನಿಂತು ಎಡ ಹಿಮ್ಮಡಿಯನ್ನು ಕೆಳಗಿನ ನೆಲಕ್ಕೆ ಮುಟ್ಟಿಸುವುದು, ಭಾರ ಬಿಡದೆ ಮೇಲಕ್ಕೆ ಬರುವುದು. ಇಳಿಯಲು ಮೂರು ಎಣಿಕೆ, ಕೆಳಗೆ ಒಂದು, ಏಳಲು ಒಂದು. ಮೊದಲ ವಾರ 15 ಸೆಂಟಿಮೀಟರ್ ಎತ್ತರ, ಎಂಟು ಸಲದಂತೆ ಮೂರು ಸುತ್ತು. ಎರಡನೇ ವಾರ 20 ಸೆಂಟಿಮೀಟರ್. ಮೂರನೇ ವಾರ ಅದೇ ಎತ್ತರದಲ್ಲಿ ಹದಿನೈದು ಸಲದಂತೆ ನಾಲ್ಕು ಸುತ್ತು. ಎತ್ತರವನ್ನೂ ಸಂಖ್ಯೆಯನ್ನೂ ಒಟ್ಟಿಗೆ ಏರಿಸಲಿಲ್ಲ. ಕನ್ನಡಿಯ ಮುಂದೆ ಮಾಡಿಸಿದ್ದು ಮಂಡಿಚಿಪ್ಪು ಪಾದದ ಎರಡನೇ ಬೆರಳಿನ ನೇರಕ್ಕೇ ಇರುವಂತೆ ನೋಡಿಕೊಳ್ಳಲು. ಆಫೀಸಿನಲ್ಲಿ ಲಿಫ್ಟಿನಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿಯುವುದು, ನಾಲ್ಕು ಮಹಡಿ, ದಿನಕ್ಕೆ ಎರಡು ಸಲ. ಜನ ಮಾಡುವುದು ಇದರ ತಿರುಗುಮುರುಗು.

ಹದಿನೆಂಟನೇ ವಾರದ ಕೊನೆಗೆ ಎರಡನೇ ಪರೀಕ್ಷೆ, ಈ ಸಲ ತಲೆಕೆಳಗಾಗಿ: ಬಸ್ಸಿನಲ್ಲಿ ಬೆಟ್ಟದ ಮೇಲಕ್ಕೆ, ನಂದಿಯವರೆಗೆ 300 ಮೆಟ್ಟಿಲು ಇಳಿದು, ವಾಪಸು ಹತ್ತಿ ಅದೇ ಬಸ್ಸಿಗೆ. ಸದ್ದಿಲ್ಲ, ನೋವು ಒಂದು, 48 ಗಂಟೆಯ ನಂತರ ಅಳತೆ 37.9. ಮುಂದಿನ ವಾರ ಅದನ್ನೇ ಎರಡು ಸಲ, ಅಂದರೆ 600 ಮೆಟ್ಟಿಲು ಇಳಿತ. ಇಪ್ಪತ್ತೊಂದನೇ ವಾರ ಪೂರ್ತಿ ಬೆಟ್ಟ, ಎರಡು ಟ್ರೆಕ್ಕಿಂಗ್ ಕೋಲುಗಳ ಜೊತೆ. ಕೋಲನ್ನು ಕೆಳಗಿನ ಮೆಟ್ಟಿಲಿಗೆ ಮೊದಲೇ ಊರಿ, ಕೈಗೆ ಭಾರ ಕೊಟ್ಟು, ಆಮೇಲೆ ಕಾಲು ಇಳಿಸಬೇಕು. ಕಾಲಿನ ಜೊತೆಗೇ ಊರಿದರೆ ಕೋಲು ಅಲಂಕಾರಕ್ಕಷ್ಟೇ. ಇಳಿಯುವಾಗ ಕೋಲಿನ ಉದ್ದವನ್ನು ಐದರಿಂದ ಹತ್ತು ಸೆಂಟಿಮೀಟರ್ ಹೆಚ್ಚಿಸಿಕೊಳ್ಳಬೇಕು. ಇಪ್ಪತ್ತಮೂರನೇ ವಾರ ಕೋಲಿಲ್ಲದೆ: ಹತ್ತಲು 36 ನಿಮಿಷ, ಇಳಿಯಲು 29. ಕೊನೆಯ ನೂರು ಮೆಟ್ಟಿಲಲ್ಲಿ ನೋವು ಎರಡು, ಮರುದಿನ ಬೆಳಿಗ್ಗೆ ಸೊನ್ನೆ, ಕುಕ್ಕರಗಾಲು ಸಲೀಸು.

ಕುಮಾರ ಪರ್ವತದ ಪ್ರಶ್ನೆ

1712 ಮೀಟರಿನ ಆ ಶಿಖರಕ್ಕೆ ಕುಕ್ಕೆಯಿಂದ ಹೊರಟರೆ ಏರುವುದೂ ಇಳಿಯುವುದೂ ಒಂದೂವರೆ ಸಾವಿರ ಮೀಟರಿನ ಲೆಕ್ಕ. ಚಾಮುಂಡಿಯ ಮೆಟ್ಟಿಲ ಏರಿಕೆ ಇನ್ನೂರು ಚಿಲ್ಲರೆ ಮೀಟರ್. ಒಂದು ಚಾಮುಂಡಿ ಪಾಸಾದವರು ಐದಾರು ಚಾಮುಂಡಿಯನ್ನು ಒಂದೇ ಸಮನೆ ಇಳಿಯಬಲ್ಲರು ಎಂದು ಹೇಳಲಾಗದು. ಅಲ್ಲಿ ಬೆನ್ನಿಗೆ ಎಂಟು ಹತ್ತು ಕಿಲೊ ಚೀಲ ಬೇರೆ, ಕಾಲಡಿಗೆ ಬೇರು, ಉರುಳುಕಲ್ಲು, ದಾರಿಯ ನಡುವೆ ಸಿಗುವ ಭಟ್ಟರ ಮನೆಯಿಂದ ಕೆಳಗಿನ ಕಾಡಿನಲ್ಲಿ ತೇವ. ಮೆಟ್ಟಿಲಿನಲ್ಲಿ ಬಾರದ ಅಡ್ಡತಿರುವು ಅಲ್ಲಿ ಪ್ರತಿ ಹೆಜ್ಜೆಗೂ ಇರುತ್ತದೆ, ಒಳಬದಿಯ ಲಿಗಮೆಂಟಿಗೆ ನಿಜವಾದ ಕೆಲಸ ಬೀಳುವುದು ಅಲ್ಲಿಯೇ. ಚಾಮುಂಡಿ ಬೆಟ್ಟ ಅದನ್ನು ಪರೀಕ್ಷಿಸುವುದೇ ಇಲ್ಲ.

ಹಾಗಾಗಿ ಡಿಸೆಂಬರ್ ಬಿಟ್ಟು ಜನವರಿ ಕೊನೆಗೆ ದಿನ ಗೊತ್ತಾಯಿತು, ಅದೂ ಎರಡು ಷರತ್ತಿನ ಮೇಲೆ. ಮೊದಲನೆಯದು, ಆರು ಕಿಲೊ ಚೀಲ ಹೊತ್ತು ಒಂದೇ ಬೆಳಿಗ್ಗೆ ಚಾಮುಂಡಿಯನ್ನು ಎರಡು ಸಲ ಹತ್ತಿ ಇಳಿದು, 48 ಗಂಟೆಯ ನಂತರವೂ ಅಳತೆ 38.5 ದಾಟದಿರುವುದು. ಎರಡನೆಯದು, ಮಣ್ಣು ಕಲ್ಲಿನ ಕಾಡುದಾರಿಯಲ್ಲಿ ಒಂದು ನಡಿಗೆ. ಅದಕ್ಕೆ ಕೊಡಚಾದ್ರಿ ಆರಿಸಿದ್ದಕ್ಕೆ ಕಾರಣ ಶಿಖರದ ಹತ್ತಿರದವರೆಗೆ ಜೀಪು ಓಡಾಡುತ್ತದೆ ಎಂಬುದು. ಮಂಡಿ ಬೇಡ ಎಂದರೆ ಜೀಪಿನಲ್ಲಿ ಇಳಿಯಬಹುದು. ಆ ರಸ್ತೆಯಲ್ಲಿ ಜೀಪಿನ ಕುಲುಕಾಟ ಸೊಂಟಕ್ಕೆ ಏನು ಮಾಡುತ್ತದೆ ಎಂಬುದು ಬೇರೆ ವಿಚಾರ.